ಬ್ರೇಕ್ ಒತ್ತಿದೊಡನೆ ಬೈಕ್ ನಿಲ್ಲುತ್ತದೆಯೇ?

ಮಕ್ಕಳೇ, ನಿಮ್ಮ ಮನೆಯಲ್ಲಿ ಬೈಕ್ ಇದೆಯೇ? ಇಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಇದ್ದೇ ಇರುತ್ತದೆ. ಡೇರಿಗೆ ಹಾಲು ಹಾಕಲು, ಸಂತೆಗೆ ಹೋಗಲು, ಗೊಬ್ಬರದ ಚೀಲ ತರಲು, ನಿಮ್ಮನ್ನು ಶಾಲೆಗೆ ಬಿಡಲು ಎಲ್ಲಕ್ಕೂ ಈಗ ಬೈಕ್ ಬೇಕು. ನಗರಗಳಲ್ಲಂತೂ ಕೇಳುವುದೇ ಬೇಡ. ಬೆಂಗಳೂರಿನಲ್ಲಿ ನೋಂದಣಿಯಾಗಿರುವ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ದ್ವಿಚಕ್ರ ವಾಹನಗಳೇ!

ಬೆಳಗಿನ ಒಂಬತ್ತು ಗಂಟೆಗೆ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ನಿಂತು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಹೂವಿನ ಮೂಟೆ ಹೊತ್ತವರು, ತಳ್ಳುಗಾಡಿಗಳು, ಆಟೋಗಳು, ಬಸ್ಸುಗಳು. ಇವೆಲ್ಲವುಗಳ ಸಂದಿಯಲ್ಲಿ ನೀರು ಹರಿದಂತೆ ಬೈಕುಗಳು ನುಸುಳುತ್ತಿರುತ್ತವೆ. ಬೈಕ್ ಕಿರಿದಾಗಿದೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಮೂರು ನಾಲ್ಕು ಬೈಕುಗಳು ನಿಲ್ಲಬಲ್ಲವು. ಪೆಟ್ರೋಲ್ ಕಡಿಮೆ ಸಾಕು. ಆದ್ದರಿಂದಲೇ ಇಷ್ಟೊಂದು ಜನ ಅದನ್ನು ನೆಚ್ಚಿಕೊಂಡಿದ್ದಾರೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಪ್ರತಿ ನೂರು ಜನರಲ್ಲಿ ಸುಮಾರು 44 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅಪಘಾತವಾದಾಗ ಹಿರಿಯರು "ಹಣೆಬರಹ" ಎಂದು ನಿಟ್ಟುಸಿರು ಬಿಡುವುದನ್ನು ನೀವು ಕೇಳಿರಬಹುದು. ಆದರೆ ಬೈಕ್ ಓಡುವುದು, ನಿಲ್ಲುವುದು, ಜಾರುವುದು ಎಲ್ಲವೂ ವಿಜ್ಞಾನದ ನಿಯಮಗಳಂತೆಯೇ ನಡೆಯುತ್ತವೆ. ಆ ನಿಯಮಗಳನ್ನು ತಿಳಿದರೆ ಎಷ್ಟೋ ಅಪಘಾತಗಳನ್ನು ತಪ್ಪಿಸಬಹುದು. ಅವುಗಳಲ್ಲಿ ಬಹಳ ಮುಖ್ಯವಾದ ಒಂದನ್ನು ಈಗ ನೋಡೋಣ. ಬ್ರೇಕ್ ಒತ್ತಿದೊಡನೆ ಬೈಕ್ ನಿಲ್ಲುತ್ತದೆಯೇ?

ಮೊದಲು ಕಣ್ಣು, ಆಮೇಲೆ ಕೈ

ಬೈಕಿನ ಮುಂದೆ ಒಂದು ನಾಯಿ ಅಡ್ಡ ಬಂದಿತೆನ್ನಿ. ಸವಾರನ ಕಣ್ಣು ಅದನ್ನು ಕಾಣುತ್ತದೆ. ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. "ನಿಲ್ಲಿಸು" ಎಂದು ಮಿದುಳು ತೀರ್ಮಾನಿಸುತ್ತದೆ. ಆ ಆಜ್ಞೆ ಮತ್ತೆ ನರಗಳ ಮೂಲಕ ಕೈಗೂ ಕಾಲಿಗೂ ತಲುಪುತ್ತದೆ. ಬೆರಳುಗಳು ಬ್ರೇಕನ್ನು ಹಿಡಿಯುತ್ತವೆ. ಇಷ್ಟೆಲ್ಲ ನಡೆಯಲು ಬೇಕಾಗುವ ಸಮಯವೇ ಪ್ರತಿಕ್ರಿಯಾ ಕಾಲ. ನಿಮ್ಮ ಪ್ರತಿಕ್ರಿಯಾ ಕಾಲ ಎಷ್ಟೆಂದು ನೀವೇ ಅಳೆಯಬಹುದು.

ಮಾಡಿ ನೋಡಿ – 1

ಬೇಕಾಗುವ ವಸ್ತು: 30 ಸೆಂ.ಮೀ. ಉದ್ದದ ಒಂದು ಅಳತೆಪಟ್ಟಿ.

ನಿಮ್ಮ ಗೆಳೆಯ ಅಥವಾ ಗೆಳತಿ ಪಟ್ಟಿಯ ಮೇಲ್ತುದಿಯನ್ನು ಹಿಡಿದು ನೇರವಾಗಿ ತೂಗಿಬಿಡಲಿ. ಪಟ್ಟಿಯ ಕೆಳತುದಿಯಲ್ಲಿ, ಸೊನ್ನೆ ಗುರುತಿನ ಬಳಿ, ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಪಟ್ಟಿಗೆ ತಾಗದಂತೆ ಅಗಲಿಸಿ ಇಟ್ಟುಕೊಳ್ಳಿ. ಗೆಳೆಯ ಮುನ್ಸೂಚನೆ ಕೊಡದೆ ಪಟ್ಟಿಯನ್ನು ಬಿಡಬೇಕು. ನೀವು ಕೂಡಲೇ ಹಿಡಿಯಬೇಕು. ಎಷ್ಟನೇ ಸೆಂ.ಮೀ. ಗುರುತಿನಲ್ಲಿ ಹಿಡಿದಿರಿ ಎಂದು ಬರೆದುಕೊಳ್ಳಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಕೆಳಗಿನ ಪಟ್ಟಿಯೊಡನೆ ಹೋಲಿಸಿ.

10 ಸೆಂ.ಮೀ. – 0.14 ಸೆಕೆಂಡ್
15 ಸೆಂ.ಮೀ. – 0.17 ಸೆಕೆಂಡ್
20 ಸೆಂ.ಮೀ. – 0.20 ಸೆಕೆಂಡ್
25 ಸೆಂ.ಮೀ. – 0.23 ಸೆಕೆಂಡ್
30 ಸೆಂ.ಮೀ. – 0.25 ಸೆಕೆಂಡ್

ಇಷ್ಟು ಬೇಗ ಹಿಡಿದೆವಲ್ಲ ಎಂದು ಹಿಗ್ಗಬೇಡಿ! ಇಲ್ಲಿ ಪಟ್ಟಿ ಬೀಳುವುದೆಂದು ನಿಮಗೆ ಮೊದಲೇ ಗೊತ್ತಿತ್ತು. ಬೆರಳುಗಳೂ ಸಿದ್ಧವಾಗಿದ್ದವು. ರಸ್ತೆಯಲ್ಲಿ ಯಾವುದು, ಯಾವಾಗ, ಎತ್ತಲಿಂದ ಅಡ್ಡ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಸವಾರನಿಗೆ ಹೆಚ್ಚು ಸಮಯ ಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ನಾವು 1 ಸೆಕೆಂಡ್ ಎಂದು ಇಟ್ಟುಕೊಳ್ಳೋಣ. ದಣಿದಿದ್ದರೆ, ನಿದ್ದೆಗೆಟ್ಟಿದ್ದರೆ, ಮೊಬೈಲ್ ಫೋನಿನಲ್ಲಿ ಮಾತನಾಡುತ್ತಿದ್ದರೆ ಇದು ಇನ್ನೂ ಹೆಚ್ಚಾಗುತ್ತದೆ.

ಒಂದು ಸೆಕೆಂಡ್ ಎಂದರೆ ಬಹಳ ಕಡಿಮೆ ಅನ್ನಿಸುತ್ತದೆ, ಅಲ್ಲವೇ? ಲೆಕ್ಕ ಹಾಕಿ ನೋಡೋಣ. ನಗರದ ಬೈಕ್ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. 36 ಕಿ.ಮೀ. ಎಂದರೆ 36,000 ಮೀಟರ್. ಒಂದು ಗಂಟೆ ಎಂದರೆ 3,600 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 10 ಮೀಟರ್. ಅಂದರೆ ಸವಾರ ನಾಯಿಯನ್ನು ಕಂಡು ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಬೈಕ್ 10 ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಆಗ ಅದರ ವೇಗ ಒಂದಿಷ್ಟೂ ತಗ್ಗಿರುವುದಿಲ್ಲ!

ಬ್ರೇಕ್ ಹಿಡಿದ ಮೇಲೆ

ಸರಿ, ಈಗ ಬ್ರೇಕ್ ಬಿತ್ತು. ಬೈಕ್ ಅಲ್ಲಿಗೇ ನಿಂತೀತೇ? ಇಲ್ಲ. ಚಲಿಸುವ ವಸ್ತು ಚಲಿಸುತ್ತಲೇ ಇರಲು ಬಯಸುತ್ತದೆ. ಇದೇ ಜಡತ್ವ. ಓಡುತ್ತಿರುವ ಬೈಕಿನಲ್ಲಿ ಚಲನಶಕ್ತಿ ಇರುತ್ತದೆ. ಆ ಶಕ್ತಿಯನ್ನೆಲ್ಲ ಖರ್ಚು ಮಾಡಿದ ಹೊರತು ಬೈಕ್ ನಿಲ್ಲದು. ಬ್ರೇಕಿನ ಕೆಲಸ ಇದೇ. ಅದು ಚಕ್ರದ ಭಾಗವನ್ನು ಉಜ್ಜಿ, ಘರ್ಷಣೆಯಿಂದ ಚಲನಶಕ್ತಿಯನ್ನು ಶಾಖವಾಗಿ ಬದಲಿಸುತ್ತದೆ. ಅಂಗೈಗಳನ್ನು ಜೋರಾಗಿ ಉಜ್ಜಿಕೊಂಡರೆ ಬಿಸಿಯಾಗುವಂತೆ ಬ್ರೇಕ್ ಕೂಡ ಬಿಸಿಯಾಗುತ್ತದೆ.

ಬ್ರೇಕ್ ಚಕ್ರವನ್ನು ತಡೆಯುತ್ತದೆ. ಆದರೆ ಬೈಕನ್ನು ತಡೆಯುವುದು ಯಾವುದು? ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಟೈರಿನ ಎಷ್ಟು ಭಾಗ ರಸ್ತೆಯನ್ನು ಮುಟ್ಟಿರುತ್ತದೆಂದು ಎಂದಾದರೂ ನೋಡಿದ್ದೀರಾ? ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು! ಬೈಕು, ಸವಾರ, ಹಿಂದೆ ಕುಳಿತವರು ಸೇರಿ 250 ಕಿಲೋ ಆಗಬಹುದು. ಅಷ್ಟನ್ನೂ ತಡೆದು ನಿಲ್ಲಿಸಬೇಕಾದದ್ದು ಎರಡು ಅಂಗೈಯಗಲದ ರಬ್ಬರ್.

ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಪ್ರತಿ ಸೆಕೆಂಡಿಗೂ ವೇಗ 5 ಮೀಟರಿನಷ್ಟು ತಗ್ಗುತ್ತದೆ ಎಂದುಕೊಳ್ಳೋಣ. ಸೆಕೆಂಡಿಗೆ 10 ಮೀಟರ್ ವೇಗದ ಬೈಕ್ ನಿಲ್ಲಲು 2 ಸೆಕೆಂಡ್ ಬೇಕು. ಈ 2 ಸೆಕೆಂಡುಗಳಲ್ಲಿ ಅದರ ಸರಾಸರಿ ವೇಗ 5 ಮೀಟರ್. ಹಾಗಾದರೆ ಅದು ಸಾಗುವ ದೂರ 2 × 5 = 10 ಮೀಟರ್.

ಯೋಚಿಸುವಷ್ಟರಲ್ಲಿ 10 ಮೀಟರ್, ಬ್ರೇಕ್ ಹಿಡಿದ ಮೇಲೆ 10 ಮೀಟರ್. ಒಟ್ಟು 20 ಮೀಟರ್! ಇದು ಎಷ್ಟು ದೂರ ಗೊತ್ತೇ? ಕ್ರಿಕೆಟ್ ಪಿಚ್ಚಿನ ಒಂದು ವಿಕೆಟ್ಟಿನಿಂದ ಇನ್ನೊಂದು ವಿಕೆಟ್ಟಿಗೆ ಇರುವಷ್ಟು ದೂರ.

ವೇಗ ಹೆಚ್ಚಾದರೆ ಏನಾಗುತ್ತದೆಂದು ಈ ಪಟ್ಟಿಯಲ್ಲಿ ನೋಡಿ.

ಗಂಟೆಗೆ 18 ಕಿ.ಮೀ. – ಯೋಚಿಸುವಾಗ 5 ಮೀ., ಬ್ರೇಕ್ ಹಿಡಿದ ಮೇಲೆ 2.5 ಮೀ., ಒಟ್ಟು 7.5 ಮೀ.
ಗಂಟೆಗೆ 36 ಕಿ.ಮೀ. – ಯೋಚಿಸುವಾಗ 10 ಮೀ., ಬ್ರೇಕ್ ಹಿಡಿದ ಮೇಲೆ 10 ಮೀ., ಒಟ್ಟು 20 ಮೀ.
ಗಂಟೆಗೆ 54 ಕಿ.ಮೀ. – ಯೋಚಿಸುವಾಗ 15 ಮೀ., ಬ್ರೇಕ್ ಹಿಡಿದ ಮೇಲೆ 22.5 ಮೀ., ಒಟ್ಟು 37.5 ಮೀ.
ಗಂಟೆಗೆ 72 ಕಿ.ಮೀ. – ಯೋಚಿಸುವಾಗ 20 ಮೀ., ಬ್ರೇಕ್ ಹಿಡಿದ ಮೇಲೆ 40 ಮೀ., ಒಟ್ಟು 60 ಮೀ.

ಒಂದು ವಿಷಯ ಗಮನಿಸಿದಿರಾ? ವೇಗ 36ರಿಂದ 72ಕ್ಕೆ, ಅಂದರೆ ಎರಡು ಪಟ್ಟಾಯಿತು. ಆದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ 10ರಿಂದ 40 ಮೀಟರಿಗೆ, ಅಂದರೆ ನಾಲ್ಕು ಪಟ್ಟಾಯಿತು! ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದೇ ಇದಕ್ಕೆ ಕಾರಣ. "ಸ್ವಲ್ಪ ಜೋರಾಗಿ ಹೋದರೆ ಏನಂತೆ?" ಎನ್ನುವವರಿಗೆ ಈ ಪಟ್ಟಿಯನ್ನು ತೋರಿಸಿ.

ಬಸ್ಸಿನ ಮರೆಯಲ್ಲಿ

ಈ ಲೆಕ್ಕ ಬೈಕ್ ಓಡಿಸುವವರಿಗೆ ಮಾತ್ರವಲ್ಲ, ರಸ್ತೆ ದಾಟುವ ನಿಮಗೂ ಬೇಕು. ಬಸ್ಸಿನಿಂದ ಇಳಿದ ಹುಡುಗನೊಬ್ಬ ಅದೇ ಬಸ್ಸಿನ ಮುಂದಿನಿಂದ ಓಡಿ ರಸ್ತೆ ದಾಟುತ್ತಾನೆನ್ನಿ. ನಿಂತ ಬಸ್ಸನ್ನು ಹಿಂದೆ ಹಾಕಿಕೊಂಡು ಒಂದು ಬೈಕ್ ಬರುತ್ತಿದೆ. ಬಸ್ಸು ಗೋಡೆಯಂತೆ ಅಡ್ಡ ಇರುವುದರಿಂದ ಹುಡುಗನಿಗೆ ಬೈಕ್ ಕಾಣದು, ಸವಾರನಿಗೆ ಹುಡುಗ ಕಾಣನು. ಇಬ್ಬರೂ ಒಬ್ಬರನ್ನೊಬ್ಬರು ಕಾಣುವಾಗ ನಡುವೆ ಉಳಿದಿರುವುದು 5 ಮೀಟರ್ ಮಾತ್ರ. ಗಂಟೆಗೆ 36 ಕಿ.ಮೀ. ವೇಗದಲ್ಲಿ 5 ಮೀಟರ್ ದಾಟಲು ಅರ್ಧ ಸೆಕೆಂಡ್ ಸಾಕು. ಸವಾರನ ಬೆರಳು ಇನ್ನೂ ಬ್ರೇಕನ್ನು ಮುಟ್ಟಿಯೇ ಇರುವುದಿಲ್ಲ! ಆತ ಎಷ್ಟೇ ನುರಿತವನಾಗಿರಲಿ, ಬೈಕ್ ಎಷ್ಟೇ ಹೊಸದಾಗಿರಲಿ, ಇಲ್ಲಿ ಉಪಯೋಗಕ್ಕೆ ಬಾರದು.

ಆದ್ದರಿಂದ ಬಸ್ಸಿನಿಂದ ಇಳಿದ ಮೇಲೆ ಅದು ಹೊರಟುಹೋಗುವವರೆಗೆ ರಸ್ತೆಯ ಅಂಚಿನಲ್ಲಿ ಕಾಯಿರಿ. ಎರಡೂ ಕಡೆ ದೂರದವರೆಗೆ ಕಾಣುವಂತಾದಾಗ ಮಾತ್ರ ದಾಟಿ. ಬಸ್ಸಿನ ಮೆಟ್ಟಿಲಿನಿಂದ ಕೆಳಗೆ ಕಾಲಿಡುವ ಮುನ್ನ ಹಿಂದೆ ತಿರುಗಿ ನೋಡುವುದನ್ನೂ ಮರೆಯಬೇಡಿ. ನಗರಗಳಲ್ಲಿ ಬಸ್ಸಿಗೂ ಪಾದಚಾರಿ ಮಾರ್ಗಕ್ಕೂ ನಡುವಿನ ಸಂದಿಯಲ್ಲಿ ಬೈಕುಗಳು ನುಗ್ಗಿ ಬರುವುದುಂಟು.

ಸವಾರರೂ ಒಂದು ಮಾತು ತಿಳಿದಿರಬೇಕು. ಬಸ್ಸು, ಲಾರಿಗಳ ತೀರಾ ಪಕ್ಕದಲ್ಲಿ ಮತ್ತು ಹಿಂದೆ ಚಾಲಕನ ಕನ್ನಡಿಗೆ ಕಾಣದ ಜಾಗಗಳಿರುತ್ತವೆ. ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುತ್ತಿಲ್ಲ ಎಂದೇ ಅರ್ಥ.

ಮಳೆ ಬಂದರೆ?

ರಸ್ತೆಯ ಮೇಲೆ ಧೂಳು ಮತ್ತು ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆ ಇರುತ್ತದೆ. ಮಳೆಯ ಮೊದಲ ಹನಿಗಳು ಬಿದ್ದಾಗ ಇವೆಲ್ಲ ಕಲಸಿಕೊಂಡು ತೆಳುವಾದ ಜಾರುವ ಪದರವಾಗುತ್ತದೆ. ಎಣ್ಣೆ ನೀರಿಗಿಂತ ಹಗುರವಲ್ಲವೇ? ಅದು ಮೇಲೆ ತೇಲುತ್ತದೆ. ಜೋರು ಮಳೆ ಬಂದು ತೊಳೆದುಹೋಗುವವರೆಗೆ ಅಪಾಯ ಹೆಚ್ಚು. ಒದ್ದೆ ರಸ್ತೆಯಲ್ಲಿ ಘರ್ಷಣೆ ಅರ್ಧಕ್ಕಿಳಿದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಎರಡು ಪಟ್ಟಾಗುತ್ತದೆ. ಆಗ ಗಂಟೆಗೆ 36 ಕಿ.ಮೀ. ವೇಗದ ಬೈಕಿಗೆ 20ರ ಬದಲು 30 ಮೀಟರ್ ಬೇಕು. ಟೈರು ಸವೆದು ಗೆರೆಗಳು ಮಾಯವಾಗಿದ್ದರೆ ನೀರು ಸರಿದುಹೋಗಲು ದಾರಿಯೇ ಇರುವುದಿಲ್ಲ. ಆಗ ಬೈಕ್ ಇನ್ನೂ ಸುಲಭವಾಗಿ ಜಾರುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಭಾರವಾದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯುವಾಗ ಮೊದಲು ಕದಲಿಸಲು ಹೆಚ್ಚು ಬಲ ಬೇಕು. ಜಾರತೊಡಗಿದ ಮೇಲೆ ಅಷ್ಟು ಬಲ ಬೇಡ. ಅಂದರೆ ಜಾರುತ್ತಿರುವಾಗ ಘರ್ಷಣೆ ಕಡಿಮೆ. ಬ್ರೇಕನ್ನು ತಟ್ಟನೆ ಬಲವಾಗಿ ಹಿಡಿದರೆ ಚಕ್ರ ಉರುಳುವುದನ್ನೇ ನಿಲ್ಲಿಸಿ ಜಾರತೊಡಗುತ್ತದೆ. ಬೈಕ್ ಹತೋಟಿ ತಪ್ಪುತ್ತದೆ. ಇದನ್ನು ತಡೆಯಲು ಬಂದದ್ದೇ ಎ.ಬಿ.ಎಸ್. ಎಂಬ ವ್ಯವಸ್ಥೆ. ಚಕ್ರ ನಿಂತುಹೋಗುವ ಸೂಚನೆ ಸಿಕ್ಕ ಕೂಡಲೇ ಅದು ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ! 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕುಗಳಿಗೆ ಇದು ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಎ.ಬಿ.ಎಸ್. ಇಲ್ಲವೇ ಎರಡೂ ಚಕ್ರಗಳ ಬ್ರೇಕ್ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇರಲೇಬೇಕೆಂದಾಯಿತು.

ಎರಡೂ ಚಕ್ರಗಳಿಗೆ ಒಟ್ಟಿಗೆ ಏಕೆ? ಬಸ್ಸು ತಟ್ಟನೆ ನಿಂತಾಗ ನಾವೆಲ್ಲ ಮುಂದಕ್ಕೆ ವಾಲುತ್ತೇವೆ. ಹಾಗೆಯೇ ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಿನ ಚಕ್ರದ ಮೇಲೆ ಹೆಚ್ಚು ಬೀಳುತ್ತದೆ. ಆಗ ಹಿಂದಿನ ಬ್ರೇಕ್ ಒಂದೇ ಸಾಲದು. ಎರಡನ್ನೂ ಹದವಾಗಿ ಬಳಸಿದರೆ ಬೈಕ್ ಬೇಗ ನಿಲ್ಲುತ್ತದೆ.

ಮೆಲ್ಲಗೆ ಹೋದರೂ ಓಲಾಟ

"ವಾಹನದಟ್ಟಣೆಯಲ್ಲಿ ಬೈಕ್ ಮೆಲ್ಲಗೇ ಹೋಗುತ್ತದಲ್ಲ, ಭಯವೇಕೆ?" ಎಂದು ನೀವು ಕೇಳಬಹುದು. ಸೈಕಲ್ ತುಳಿಯುವವರಿಗೆ ಉತ್ತರ ಗೊತ್ತು. ಸೈಕಲ್ ವೇಗವಾಗಿ ಹೋಗುವಾಗ ನೇರ ನಿಲ್ಲುತ್ತದೆ, ತೀರಾ ಮೆಲ್ಲಗೆ ಹೋಗುವಾಗ ಓಲಾಡುತ್ತದೆ. ಎತ್ತ ವಾಲುತ್ತದೋ ಅತ್ತ ಹ್ಯಾಂಡಲನ್ನು ತುಸು ತಿರುಗಿಸಿ ನಾವು ಸಮತೋಲ ಕಾಯುತ್ತೇವೆ. ವೇಗ ಕಡಿಮೆಯಾದಷ್ಟೂ ಹ್ಯಾಂಡಲನ್ನು ಹೆಚ್ಚು ತಿರುಗಿಸಬೇಕು. ಆದ್ದರಿಂದ ಆಮೆವೇಗದಲ್ಲಿ ಹೋಗುವ ಬೈಕಿಗೆ ಅಕ್ಕಪಕ್ಕದಲ್ಲೂ ಜಾಗ ಬೇಕು. ಹ್ಯಾಂಡಲಿಗೆ ತರಕಾರಿ ಚೀಲ ತೂಗುಹಾಕಿದರೆ ಅದನ್ನು ತಿರುಗಿಸುವುದು ಕಷ್ಟ. ಮೂವರು, ನಾಲ್ವರು ಕುಳಿತರೆ ಸಮತೋಲ ಇನ್ನೂ ಕಷ್ಟ. ಸವಾರನ ಹಿಂದೆ ಒಬ್ಬರು ಮಾತ್ರ ಕುಳಿತುಕೊಳ್ಳಬೇಕೆಂದು ಕಾನೂನು ಹೇಳುವುದು ಸುಮ್ಮನೆ ಅಲ್ಲ.

ಹೆಲ್ಮೆಟ್ ಮಾಡುವ ಕೆಲಸ

ಎಷ್ಟೇ ಎಚ್ಚರವಿದ್ದರೂ ಕೆಲವೊಮ್ಮೆ ಬೀಳುವುದುಂಟು. ನಿಂತಿರುವ ಬೈಕಿನಿಂದ ಬಿದ್ದರೂ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬರುತ್ತದೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 19 ಕಿ.ಮೀ. ಆಗಿರುತ್ತದೆ! "ಇಲ್ಲೇ ಅಂಗಡಿಗೆ ಹೋಗಿ ಬರುತ್ತೇನೆ, ಹೆಲ್ಮೆಟ್ ಏಕೆ?" ಎನ್ನುವವರು ಇದನ್ನು ತಿಳಿದುಕೊಳ್ಳಬೇಕು.

ಮಾಡಿ ನೋಡಿ – 2

ಹಸಿ ಜೇಡಿಮಣ್ಣಿನಿಂದ ನಿಂಬೆಗಾತ್ರದ ಎರಡು ಉಂಡೆ ಮಾಡಿ. ಒಂದನ್ನು ಭುಜದ ಎತ್ತರದಿಂದ ಕಲ್ಲಿನ ನೆಲದ ಮೇಲೆ ಬೀಳಿಸಿ. ಇನ್ನೊಂದನ್ನು ಅಷ್ಟೇ ಎತ್ತರದಿಂದ ನಾಲ್ಕಾರು ಮಡಿಕೆ ಮಾಡಿದ ಗೋಣಿಚೀಲದ ಮೇಲೆ ಬೀಳಿಸಿ. ಯಾವ ಉಂಡೆ ಹೆಚ್ಚು ಚಪ್ಪಟೆಯಾಯಿತು? ಏಕೆ?

ಕಲ್ಲಿನ ಮೇಲೆ ಬಿದ್ದ ಉಂಡೆ ಥಟ್ಟನೆ ನಿಂತಿತು. ಗೋಣಿಯ ಮೇಲೆ ಬಿದ್ದದ್ದು ಸ್ವಲ್ಪ ಒಳಕ್ಕಿಳಿದು ನಿಧಾನವಾಗಿ ನಿಂತಿತು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಇದೂ ಹಾಗೆಯೇ. ನಿಲ್ಲಲು ಸಿಗುವ ದೂರ ಹತ್ತು ಪಟ್ಟಾದರೆ ಪೆಟ್ಟಿನ ಬಲ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಹೆಲ್ಮೆಟ್ಟಿನ ಹೊರಚಿಪ್ಪು ಗಟ್ಟಿ. ಅದು ಪೆಟ್ಟನ್ನು ಹರಡುತ್ತದೆ. ಆದರೆ ಮುಖ್ಯ ಕೆಲಸ ಒಳಗಿರುವ ಥರ್ಮೊಕೋಲಿನದು. ಬಿದ್ದಾಗ ಅದು ಜಜ್ಜಿಹೋಗಿ ತಲೆಗೆ ನಿಲ್ಲಲು ಒಂದೆರಡು ಸೆಂ.ಮೀ. ದೂರ ಕೊಡುತ್ತದೆ. ನೋಡಿದಿರಾ, ಬೈಕಿನಂತೆ ತಲೆಗೂ ನಿಲ್ಲಲು ದೂರ ಬೇಕು! ಒಮ್ಮೆ ಜಜ್ಜಿದ ಥರ್ಮೊಕೋಲ್ ಮತ್ತೆ ಮೊದಲಿನಂತಾಗದು. ಆದ್ದರಿಂದ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು. ಥರ್ಮೊಕೋಲೇ ಇಲ್ಲದ, ಬರೀ ಟೋಪಿಯಂಥ ಹೆಲ್ಮೆಟ್ ಪೊಲೀಸರ ದಂಡ ತಪ್ಪಿಸಲು ಹಾಕಿಕೊಂಡಂತೆ, ಅಷ್ಟೇ. ಐ.ಎಸ್.ಐ. ಗುರುತು ನೋಡಿ ಕೊಳ್ಳಬೇಕು, ಗಲ್ಲದ ಪಟ್ಟಿಯನ್ನು ತಪ್ಪದೆ ಬಿಗಿಯಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಅಪಾಯ ನೂರಕ್ಕೆ ಸುಮಾರು 42ರಷ್ಟೂ ತಲೆಗೆ ಪೆಟ್ಟಾಗುವ ಅಪಾಯ ನೂರಕ್ಕೆ ಸುಮಾರು 69ರಷ್ಟೂ ಕಡಿಮೆಯಾಗುವುದು ಕಂಡುಬಂದಿದೆ.

ನಿಮಗೆ ಗೊತ್ತೇ?

1935ರಲ್ಲಿ ಇಂಗ್ಲೆಂಡಿನಲ್ಲಿ ಟಿ.ಇ. ಲಾರೆನ್ಸ್ ಎಂಬ ಹೆಸರಾಂತ ಲೇಖಕ ಹಾಗೂ ಸೈನಿಕ ಬೈಕಿನಲ್ಲಿ ಹೋಗುತ್ತಿದ್ದರು. ಎದುರಾದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು ತಲೆಗೆ ಪೆಟ್ಟಾಯಿತು. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರು ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್. ಮುಂದೆ ಅವರು ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಮಹತ್ವ ತಿಳಿಸುವ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆಯ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು.

ಹಿಂದೆ ಕುಳಿತವರಿಗೂ, ಮಕ್ಕಳಿಗೂ

ಬೈಕ್ ಬಿದ್ದಾಗ ನೆಲ "ಇವರು ಓಡಿಸುವವರು, ಇವರು ಹಿಂದೆ ಕುಳಿತವರು" ಎಂದು ಭೇದ ಮಾಡುವುದಿಲ್ಲ. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ನಾಲ್ಕು ವರ್ಷ ಮೀರಿದ ಎಲ್ಲರೂ ಹೆಲ್ಮೆಟ್ ಧರಿಸಬೇಕು. ಪೇಟ ಸುತ್ತುವ ಸಿಖ್ಖರಿಗೆ ಮಾತ್ರ ವಿನಾಯಿತಿ ಇದೆ. 2022ರಲ್ಲಿ ಹೊರಬಂದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು. ಒಂಬತ್ತು ತಿಂಗಳು ತುಂಬಿದವರಿಗೆ ಹೆಲ್ಮೆಟ್ ಬೇಕು. ಅವರಿರುವಾಗ ವೇಗ ಗಂಟೆಗೆ 40 ಕಿ.ಮೀ. ಮೀರಬಾರದು.

ಕೆಲವರು ಚಿಕ್ಕ ಮಕ್ಕಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುತ್ತಾರೆ. ಗಾಳಿ ಚೆನ್ನಾಗಿ ಬರುತ್ತದೆ, ರಸ್ತೆ ಕಾಣುತ್ತದೆ ಎಂದು ಮಕ್ಕಳಿಗೂ ಖುಷಿ. ಆದರೆ ಬ್ರೇಕ್ ಹಿಡಿದಾಗ ಬೈಕ್ ನಿಧಾನವಾದರೂ ಮಗು ಜಡತ್ವದಿಂದ ಮುಂದಕ್ಕೆ ಹೋಗುತ್ತದೆ. ಎದುರಿಗಿರುವುದು ಕಬ್ಬಿಣದ ಹ್ಯಾಂಡಲ್, ಹಿಂದಿನಿಂದ ಒತ್ತುವುದು ದೊಡ್ಡವರ ಭಾರ. ಅದು ಮಕ್ಕಳು ಕೂರುವ ಜಾಗವಲ್ಲ.

ನೀವು ಬೈಕಿನಲ್ಲಿ ಹೋಗುವಾಗ:

• ಹೆಲ್ಮೆಟ್ ಹಾಕಿ, ಗಲ್ಲದ ಪಟ್ಟಿ ಬಿಗಿದ ಮೇಲೇ ಹತ್ತಿ.
• ಎರಡೂ ಕಡೆ ಕಾಲು ಹಾಕಿ ಕುಳಿತು, ಕಾಲುಗಳನ್ನು ಮೆಟ್ಟಿನ ಮೇಲಿಡಿ.
• ವೇಲು, ಸೆರಗು, ಚೀಲದ ಪಟ್ಟಿ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಒಳಕ್ಕೆ ಸಿಕ್ಕಿಸಿ.
• ಸೈಡ್ ಸ್ಟ್ಯಾಂಡ್ ಎತ್ತಿದೆಯೇ ಎಂದು ನೋಡಿ ಹೇಳಿ.
• ಮೊಬೈಲ್ ಸದ್ದು ಮಾಡಿದರೆ "ನಿಲ್ಲಿಸಿ ಮಾತನಾಡೋಣ" ಎಂದು ಹೇಳಲು ಸಂಕೋಚಪಡಬೇಡಿ.

ನೀವೇ ಲೆಕ್ಕ ಹಾಕಿ

1. ಗಂಟೆಗೆ 36 ಕಿ.ಮೀ. ವೇಗದಲ್ಲಿರುವ ಸವಾರ 2 ಸೆಕೆಂಡ್ ಮೊಬೈಲ್ ನೋಡಿದರೆ ಬೈಕ್ ಎಷ್ಟು ದೂರ "ಕಣ್ಣುಮುಚ್ಚಿ" ಹೋದಂತಾಯಿತು?
2. ಗಂಟೆಗೆ 54 ಕಿ.ಮೀ. ವೇಗದಲ್ಲಿ ಒದ್ದೆ ರಸ್ತೆಯಲ್ಲಿ ಬೈಕ್ ನಿಲ್ಲಲು ಒಟ್ಟು ಎಷ್ಟು ದೂರ ಬೇಕು? ಒದ್ದೆ ರಸ್ತೆಯಲ್ಲಿ ಘರ್ಷಣೆ ಅರ್ಧಕ್ಕಿಳಿಯುತ್ತದೆ ಎಂದುಕೊಳ್ಳಿ.

ಶಿಕ್ಷಕರ ಸಹಾಯದಿಂದ ಶಾಲೆಯ ಮೈದಾನದಲ್ಲಿ 20 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೆರೆ ಎಳೆಯಿರಿ. ಒಂದು ತುದಿಯಲ್ಲಿ ನಿಂತು ಇನ್ನೊಂದನ್ನು ನೋಡಿ. ಇಷ್ಟು ದೂರವಿಲ್ಲದಿದ್ದರೆ ಬೈಕ್ ನಿಲ್ಲದು ಎಂದು ಕಣ್ಣಿಗೆ ಅಭ್ಯಾಸವಾಗಲಿ. ಮನೆಯವರು ಶಾಲೆಗೆ ಬಂದಾಗ ಅವರಿಗೂ ಈ ಗೆರೆಗಳನ್ನು ತೋರಿಸಿ ಕೇಳಿ: "ಬ್ರೇಕ್ ಹಿಡಿದರೆ ಬೈಕ್ ಎಲ್ಲಿ ನಿಲ್ಲುತ್ತದೆ, ಹೇಳಿ ನೋಡೋಣ?"

(ಉತ್ತರಗಳು: 1. 20 ಮೀಟರ್. 2. 15 + 45 = 60 ಮೀಟರ್.)